ಹವಾಮಾನ ಬದಲಾವಣೆಗೆ ಕಾಡನ್ನು ಸಜ್ಜುಗೊಳಿಸುವುದು: ಅರಣ್ಯ ನಿರ್ವಾಹಕರಿಗೆ ಹತ್ತು ಹಂತಗಳ ಸಮಗ್ರ ಮಾರ್ಗದರ್ಶಿ

ಅರಣ್ಯ ನಿರ್ವಹಣೆಯ ಹೊಸ ಯೋಜನೆಗಳಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಒಂದು ಅಧ್ಯಾಯ ಈಗ ತಪ್ಪದೆ ಇರುತ್ತದೆ. ಬಹುಪಾಲು ಕಡೆ ಅದು ‘ಬರ ತಾಳುವ ಜಾತಿಗಳನ್ನು ನೆಡಲಾಗುವುದು’ ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತದೆ. ಮೂರನೆಯ ಬೇಸಿಗೆಗೆ ಸಸಿಗಳು ಒಣಗುತ್ತವೆ, ಪಕ್ಕದ ದಟ್ಟ ನೆಡುತೋಪಿಗೆ ಹುಳು ಬೀಳುತ್ತದೆ, ಮತ್ತೆ ನರ್ಸರಿಗೆ ಹೊಸ ಬೇಡಿಕೆ ಹೋಗುತ್ತದೆ. ತಪ್ಪು ಹೆಚ್ಚಿನ ಸಲ ಜಾತಿಯ ಆಯ್ಕೆಯದಲ್ಲ, ಕೆಲಸದ ಕ್ರಮದ್ದು. ನೆಡುವುದು ಇಲ್ಲಿ ಆರನೆಯ ಹಂತ. ಅದಕ್ಕೆ ಮೊದಲಿನ ಐದರಲ್ಲಿ ಒಂದಕ್ಕೆ ಗುದ್ದಲಿ ಬೇಕು, ಇನ್ನೊಂದಕ್ಕೆ ಗರಗಸ. ಉಳಿದ ಮೂರು ಕಾಗದದ ಮೇಲೇ ನಡೆಯುತ್ತವೆ.

ಮೊದಲು ಕೈಯಲ್ಲಿರಬೇಕಾದವು

ಕಚೇರಿಯ ಮೇಜಿಗೆ: ಕಂಪಾರ್ಟ್‌ಮೆಂಟ್ ನಕ್ಷೆ (ನಿರ್ವಹಣೆಗೆಂದು ಕಾಡನ್ನು ಹಂಚಿದ ತುಂಡುಗಳೇ ಕಂಪಾರ್ಟ್‌ಮೆಂಟುಗಳು), ಹಿಂದಿನ ಯೋಜನೆಗಳ ನೆಡುವಿಕೆ ಮತ್ತು ಕಡಿತದ ದಾಖಲೆ, ಹತ್ತಿರದ ಹವಾಮಾನ ಕೇಂದ್ರದ ಕನಿಷ್ಠ 30 ವರ್ಷಗಳ ಮಳೆ ಮತ್ತು ಉಷ್ಣತೆಯ ಅಂಕಿಗಳು.

ಕಾಡಿಗೆ: ಜಿಪಿಎಸ್ ಇರುವ ಮೊಬೈಲ್, ವ್ಯಾಸ ಅಳೆಯುವ ಟೇಪು, ಎತ್ತರ ಅಳೆಯುವ ಕ್ಲೈನೋಮೀಟರ್, 20 ಮೀಟರ್ ಹಗ್ಗ, ಗುದ್ದಲಿ, ಮಣ್ಣು ಕೊರೆಯುವ ಆಗರ್, ತೊಗಟೆ ಕೆತ್ತಲು ಗಟ್ಟಿ ಚಾಕು, ಹತ್ತು ಪಟ್ಟು ಹಿಗ್ಗಿಸುವ ಮಸೂರ. ಡ್ರೋನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಯಾವ ಹಂತವೂ ನಿಲ್ಲುವುದಿಲ್ಲ. ಗುದ್ದಲಿ ಇಲ್ಲದಿದ್ದರೆ ಎರಡನೆಯ ಹಂತವೇ ನಿಲ್ಲುತ್ತದೆ.

ಇವುಗಳ ಜೊತೆಗೆ, ಅದೇ ಕಾಡಿನಲ್ಲಿ ವರ್ಷಗಟ್ಟಲೆ ಓಡಾಡಿದ ಕಾವಲುಗಾರರನ್ನೂ ಕಾಡಂಚಿನ ಜನರನ್ನೂ ಕೂರಿಸಿಕೊಂಡು ಅರ್ಧ ದಿನ ಕಳೆಯಿರಿ. ಯಾವ ಹಳ್ಳ ಮೊದಲು ಯಾವ ತಿಂಗಳಲ್ಲಿ ಬತ್ತುತ್ತಿತ್ತು, ಈಗ ಯಾವಾಗ ಬತ್ತುತ್ತದೆ ಎಂಬ ಪ್ರಶ್ನೆಗೆ ಉಪಗ್ರಹ ಚಿತ್ರಕ್ಕಿಂತ ನಿಖರವಾದ ಉತ್ತರ ಅಲ್ಲಿ ಸಿಗುವುದುಂಟು.

ಹಂತ 1: ಗುರಿಯನ್ನು ಕಂಪಾರ್ಟ್‌ಮೆಂಟ್ ಲೆಕ್ಕದಲ್ಲಿ ಬರೆಯಿರಿ

‘ಕಾಡನ್ನು ಉಳಿಸುವುದು’ ಗುರಿಯಲ್ಲ, ಹಾರೈಕೆ. ಇನ್ನು 40 ವರ್ಷಗಳ ನಂತರ ಈ ನಿರ್ದಿಷ್ಟ ತುಂಡಿನಿಂದ ಏನು ಸಿಗಬೇಕು ಎಂದು ಕೇಳಿಕೊಳ್ಳಿ: ನಾಟವೇ, ಹಳ್ಳದ ನೀರೇ, ಇಳಿಜಾರಿನ ಮಣ್ಣು ಜರಿಯದಿರುವುದೇ, ಒಂದು ಪ್ರಾಣಿಯ ನೆಲೆಯೇ? ಒಂದಕ್ಕಿಂತ ಹೆಚ್ಚಿದ್ದರೆ ಆದ್ಯತೆಯ ಕ್ರಮ ಕೊಡಿ, ಏಕೆಂದರೆ ಮುಂದೆ ಅವು ಒಂದಕ್ಕೊಂದು ಅಡ್ಡ ಬರುತ್ತವೆ. ನೀರಿಗಾಗಿ ಮರ ಕಡಿಮೆ ಮಾಡಬೇಕಾದ ಜಾಗದಲ್ಲೇ ತೇವಪ್ರಿಯ ಜೀವಿಗಳಿಗೆ ಮುಚ್ಚಿದ ಮೇಲ್ಚಪ್ಪರ ಬೇಕಾಗಿರಬಹುದು.

ಮರ ಹೆಚ್ಚಿದಷ್ಟೂ ನೀರು ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಇಲ್ಲೇ ಬಿಡಬೇಕು. ವೇಗವಾಗಿ ಬೆಳೆಯುವ ದಟ್ಟ ನೆಡುತೋಪುಗಳು ಹೊಳೆಯ ಹರಿವನ್ನು ಇಳಿಸುತ್ತವೆ. ದಕ್ಷಿಣ ಆಫ್ರಿಕಾದ 1998ರ ರಾಷ್ಟ್ರೀಯ ಜಲ ಕಾಯ್ದೆ ವಾಣಿಜ್ಯ ನೆಡುತೋಪನ್ನು ‘ಹೊಳೆಯ ಹರಿವು ತಗ್ಗಿಸುವ ಚಟುವಟಿಕೆ’ ಎಂದೇ ಹೆಸರಿಸಿದೆ.

*ಎಚ್ಚರಿಕೆಯ ಗುರುತು:* ಬರೆದ ಗುರಿಯನ್ನು ಬೇರೆ ಯಾವ ಕಾಡಿನ ಹೆಸರಿನ ಕೆಳಗೆ ಹಾಕಿದರೂ ಹೊಂದುತ್ತದೆ ಎಂದಾದರೆ, ಹರಿದು ಹಾಕಿ ಮತ್ತೆ ಬರೆಯಿರಿ.

ಹಂತ 2: ಗುಂಡಿ ತೋಡಿ, ನೆಲವನ್ನು ಓದಿ

ಒಂದೇ ಮಳೆ ಬೀಳುವ ಎರಡು ಗುಡ್ಡಗಳಲ್ಲಿ ಒಂದರ ಮೇಲೆ 40 ಸೆಂಟಿಮೀಟರ್ ಮಣ್ಣು, ಇನ್ನೊಂದರ ಮೇಲೆ 120 ಸೆಂಟಿಮೀಟರ್ ಮಣ್ಣು ಇದ್ದರೆ ಅವು ಕಾಣುವ ಬರ ಬೇರೆ ಬೇರೆ. ಪ್ರತಿ ಕಂಪಾರ್ಟ್‌ಮೆಂಟಿನಲ್ಲಿ ಮೂರು ಗುಂಡಿ ಸಾಕು: ದಿಬ್ಬದ ನೆತ್ತಿಯಲ್ಲಿ ಒಂದು, ಇಳಿಜಾರಿನ ನಡುವೆ ಒಂದು, ಬುಡದಲ್ಲಿ ಒಂದು. ಆಳ ಒಂದು ಮೀಟರ್, ಇಲ್ಲವೇ ಬಂಡೆ ತಾಗುವವರೆಗೆ.

ಗುಂಡಿಯ ಗೋಡೆಯಲ್ಲಿ ನಾಲ್ಕು ಸಂಗತಿ ನೋಡಿ. ಬೇರುಗಳು ಎಲ್ಲಿಯವರೆಗೆ ಇಳಿದಿವೆ? ಕಲ್ಲಿನ ಪಾಲು ಎಷ್ಟು? ಒದ್ದೆ ಮಾಡಿದ ಮಣ್ಣನ್ನು ಬೆರಳುಗಳ ನಡುವೆ ಒತ್ತಿದರೆ ಪಟ್ಟಿಯಾಗಿ ಬರುತ್ತದೆಯೋ, ಪುಡಿಯಾಗಿ ಉದುರುತ್ತದೆಯೋ? ಪಟ್ಟಿ ಉದ್ದ ಬಂದಷ್ಟೂ ಜೇಡಿಯ ಅಂಶ ಹೆಚ್ಚು. ಕೊನೆಯದಾಗಿ, ಬೂದು ಮತ್ತು ತುಕ್ಕಿನ ಬಣ್ಣದ ಮಚ್ಚೆಗಳಿವೆಯೇ? ಇದ್ದರೆ ಅಲ್ಲಿ ವರ್ಷದ ಕೆಲವು ಕಾಲ ನೀರು ನಿಲ್ಲುತ್ತದೆ. ಅಂಥ ಕಡೆ ಬೇರು ಮೇಲ್ಪದರದಲ್ಲೇ ಹರಡುವುದರಿಂದ ಮರ ಗಾಳಿಗೂ ಹೆದರುತ್ತದೆ, ಬರಕ್ಕೂ ಹೆದರುತ್ತದೆ.

ನಂತರ ಇಳಿಜಾರು ಮುಖ ಮಾಡಿದ ದಿಕ್ಕನ್ನು ಗುರುತಿಸಿ. ಉತ್ತರಾರ್ಧ ಗೋಳದಲ್ಲಿ ದಕ್ಷಿಣ ಮತ್ತು ಪಶ್ಚಿಮದ ಮುಖಗಳು ಹೆಚ್ಚು ಕಾಯುತ್ತವೆ. ದಕ್ಷಿಣಾರ್ಧದಲ್ಲಿ ಉತ್ತರ ಮತ್ತು ಪಶ್ಚಿಮದವು. ಮಣ್ಣು, ದಿಕ್ಕು, ಇಳಿಜಾರಿನಲ್ಲಿನ ಸ್ಥಾನ, ಈ ಮೂರನ್ನೂ ಸೇರಿಸಿ ನೆಲವನ್ನು ಒಣ, ನಡು, ತಂಪು ಎಂದು ವಿಂಗಡಿಸಿದರೆ ಸಾಕು. ಹನ್ನೆರಡು ವರ್ಗ ಮಾಡಿದವರ ನಕ್ಷೆಯನ್ನು ಮುಂದಿನ ಅಧಿಕಾರಿ ಓದುವುದಿಲ್ಲ. ಬುಗ್ಗೆಗಳು, ನೆರಳಿನ ಕಣಿವೆಗಳು, ಮಂಜು ನಿಲ್ಲುವ ಮಡಿಕೆಗಳನ್ನು ಪ್ರತ್ಯೇಕ ಬಣ್ಣದಲ್ಲಿ ತೋರಿಸಿ. ಸುತ್ತಲಿನ ಕಾಡು ಸೋತಾಗ ಬೀಜ ಉಳಿಯುವುದು ಅಲ್ಲಿ.

ಕಳೆದ ಬರದಲ್ಲಿ ಮೊದಲು ಸತ್ತ ಮರಗಳ ಜಾಗಗಳನ್ನೂ ಇದೇ ನಕ್ಷೆಯ ಮೇಲೆ ಚುಕ್ಕೆಗಳಾಗಿ ಹಾಕಿ. ಹವಾಮಾನದ ಕಂಪ್ಯೂಟರ್ ಮಾದರಿಗಳು ಮುಂದೆ ಆಗಬಹುದಾದದ್ದನ್ನು ಹೇಳುತ್ತವೆ, ಈ ಚುಕ್ಕೆಗಳು ಈಗಾಗಲೇ ಆಗಿರುವುದನ್ನು ಹೇಳುತ್ತವೆ.

*ಸಾಮಾನ್ಯ ತಪ್ಪು:* ಜೀಪು ನಿಲ್ಲಿಸಿದ ಕಡೆಯೇ ಗುಂಡಿ ತೋಡುವುದು. ರಸ್ತೆ ಬದಿಯ ಮಣ್ಣು ರಸ್ತೆ ಮಾಡುವಾಗ ತಂದು ಸುರಿದದ್ದಾಗಿರಬಹುದು.

ಹಂತ 3: ಮುನ್ನೋಟವನ್ನು ಎರಡು ಭವಿಷ್ಯಗಳಿಗೆ ಇಳಿಸಿ

2011–2020ರ ದಶಕದಲ್ಲಿ ಭೂಮಿಯ ಮೇಲ್ಮೈ ಉಷ್ಣತೆ 1850–1900ರ ಸರಾಸರಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳಿತು. ಮರವನ್ನು ಕೊಲ್ಲುವುದು ಈ ಸರಾಸರಿಯಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿಯ ಪ್ರಮಾಣ ಶೇ 7ರಷ್ಟು ಏರುತ್ತದೆ. ಗಾಳಿಗೆ ಅಷ್ಟು ತೇವ ಬೇರೆಲ್ಲಿಂದಲೂ ಸಿಗದಿದ್ದರೆ ಅದು ಎಲೆಗಳಿಂದ ಎಳೆಯುತ್ತದೆ. ಮರ ಎಲೆರಂಧ್ರ ಮುಚ್ಚಿದರೆ ಹಸಿವು; ತೆರೆದಿಟ್ಟರೆ ಕಾಂಡದೊಳಗಿನ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ತುಂಬುತ್ತದೆ. ಮಳೆಯ ಒಟ್ಟು ಮೊತ್ತ ಬದಲಾಗದಿದ್ದರೂ ಮರಗಳು ಒಣಗುವುದು ಹೀಗೆ.

ಆದ್ದರಿಂದ ಹವಾಮಾನದ ಅಂಕಿಗಳಲ್ಲಿ ಇವನ್ನು ಹುಡುಕಿ: ಮಳೆಯಿಲ್ಲದ ಅತಿ ಉದ್ದದ ಅವಧಿ, ಒಣ ಋತುವಿನ ಅತಿ ಬಿಸಿ ವಾರ, ಕೊನೆಯ ಹಿಮ ಬೀಳುವ ದಿನ, ಒಂದೇ ದಿನದ ಗರಿಷ್ಠ ಮಳೆ.

ಭವಿಷ್ಯಕ್ಕೆ ಎರಡು ಚಿತ್ರ ಇಟ್ಟುಕೊಳ್ಳಿ: ಬಿಸಿ ಮತ್ತು ಹೆಚ್ಚು ಮಳೆ, ಬಿಸಿ ಮತ್ತು ಕಡಿಮೆ ಮಳೆ. ಎರಡರ ಸರಾಸರಿ ತೆಗೆದರೆ ಮಳೆಯಲ್ಲಿ ಇವತ್ತಿನಂತೆಯೇ ಕಾಣುವ ಮೂರನೆಯದೊಂದು ಹುಟ್ಟುತ್ತದೆ. ಅದು ಯಾರ ಕಾಡಿಗೂ ಬರುವುದಿಲ್ಲ. ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ಎರಡೂ ಚಿತ್ರಗಳಲ್ಲಿ ನಿಲ್ಲಿಸಿ ನೋಡಿ. ಎರಡರಲ್ಲೂ ನಿಲ್ಲುವ ಕೆಲಸವನ್ನು ಮೊದಲು ಮಾಡಿ. ಒಂದರಲ್ಲಿ ಮಾತ್ರ ನಿಲ್ಲುವುದನ್ನು ಸಣ್ಣ ಜಾಗದಲ್ಲಿ ಪರೀಕ್ಷೆಗೆ ಇಡಿ.

*ಸಾಮಾನ್ಯ ತಪ್ಪು:* 2080ರ ಹವಾಮಾನಕ್ಕೆಂದು ಇವತ್ತು ನೆಡುವುದು. ಸಸಿ ಅಲ್ಲಿಗೆ ತಲುಪುವ ಮೊದಲು ಮುಂದಿನ ಚಳಿಗಾಲವನ್ನು ದಾಟಬೇಕು.

ಹಂತ 4: ಪ್ರತಿ ಕಂಪಾರ್ಟ್‌ಮೆಂಟಿಗೆ ಒಂದೇ ನಿಲುವು

ಅಮೆರಿಕದ ಅರಣ್ಯ ವಿಜ್ಞಾನಿಗಳು 2007ರಲ್ಲಿ ಮುಂದಿಟ್ಟ ಮೂರು ಆಯ್ಕೆಗಳನ್ನು ಈಗ ಅನೇಕ ಅರಣ್ಯ ಸಂಸ್ಥೆಗಳು ಬೇರೆ ಬೇರೆ ಹೆಸರಿನಲ್ಲಿ ಬಳಸುತ್ತವೆ.

*ತಡೆದು ನಿಲ್ಲುವುದು.* ಇದ್ದದ್ದನ್ನು ಇದ್ದಂತೆಯೇ ಕಾಯುವುದು. ದುಬಾರಿ, ಹಾಗಾಗಿ ಸಣ್ಣ ಜಾಗಕ್ಕೆ ಮತ್ತು ನಿಗದಿತ ಅವಧಿಗೆ ಮಾತ್ರ. ಬೀಜಕ್ಕೆಂದು ಇಟ್ಟ ತೋಪು, ಕೆಲವೇ ವರ್ಷಗಳಲ್ಲಿ ಕಡಿತಕ್ಕೆ ಬರುವ ತೋಪು, ಬದಲಿಗೆ ಇನ್ನೊಂದು ಸಿಗದಂಥ ಹಳೆಯ ಮರಗಳಿಗೆ ಇದು ಸರಿ. 2021ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಿಕೋಯಾ ರಾಷ್ಟ್ರೀಯ ಉದ್ಯಾನದಲ್ಲಿ ಕಾಡ್ಗಿಚ್ಚು ಹತ್ತಿರ ಬಂದಾಗ ‘ಜನರಲ್ ಶೆರ್ಮನ್’ ಎಂಬ ಹೆಸರಾಂತ ದೈತ್ಯ ಮರದ ಬುಡಕ್ಕೆ ಶಾಖನಿರೋಧಕ ಹಾಳೆ ಸುತ್ತಿದ್ದು ಈ ನಿಲುವಿನ ತುತ್ತತುದಿ. ಇಡೀ ಕಾಡಿಗೆ ಹಾಳೆ ಸುತ್ತಲಾಗದು.

*ತಾಳಿಕೆ ಹೆಚ್ಚಿಸುವುದು.* ಪೆಟ್ಟು ಬಿದ್ದರೂ ಅದೇ ಬಗೆಯ ಕಾಡಾಗಿ ಚೇತರಿಸಿಕೊಳ್ಳುವಂತೆ ಮಾಡುವುದು. ಹೆಚ್ಚಿನ ಜಾಗಕ್ಕೆ ಇದೇ ಸರಿಯಾದ ನಿಲುವು.

*ದಿಕ್ಕು ಬದಲಿಸುವುದು.* ಈಗಿನ ಜಾತಿಗಳು ಉಳಿಯುವುದಿಲ್ಲ ಎಂದು ಒಪ್ಪಿಕೊಂಡು, ಮುಂದಿನ ಕಾಡಿನ ಕಡೆಗೆ ನಡೆಸುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು 2010ರಲ್ಲಿ ಪಶ್ಚಿಮ ಲಾರ್ಚ್ ಮರವನ್ನು ಅದರ ಸಹಜ ವ್ಯಾಪ್ತಿಯ ಆಚೆಗೂ ನೆಡಲು ಅವಕಾಶ ಕೊಟ್ಟಿತು.

ನಾಲ್ಕನೆಯದೂ ಒಂದಿದೆ: ಏನೂ ಮಾಡದೆ ಗಮನಿಸುವುದು. ಅದನ್ನು ತೀರ್ಮಾನವೆಂದೇ ದಾಖಲಿಸಿ, ಕಾರಣ ಬರೆಯಿರಿ. ಹತ್ತನೆಯ ಹಂತದಲ್ಲಿ ಹೋಲಿಕೆಗೆ ಆ ತುಂಡೇ ಬೇಕಾಗುತ್ತದೆ.

*ಎಚ್ಚರಿಕೆಯ ಗುರುತು:* ಪಟ್ಟಿಯಲ್ಲಿ ಎಲ್ಲ ಕಂಪಾರ್ಟ್‌ಮೆಂಟುಗಳ ಮುಂದೆಯೂ ‘ತಡೆ’ ಎಂದೇ ಇದ್ದರೆ ಯಾವ ತೀರ್ಮಾನವೂ ಆಗಿಲ್ಲ ಎಂದರ್ಥ.

ಹಂತ 5: ಸಾಂದ್ರತೆ ಇಳಿಸಿ

ಹೆಚ್ಚು ಫಲ ಕೊಡುವ ಹಂತ ಇದು, ಹೆಚ್ಚು ಮುಂದೂಡಲ್ಪಡುವುದೂ ಇದೇ. ಸಸಿ ನೆಟ್ಟ ಚಿತ್ರವನ್ನು ವರದಿಯಲ್ಲಿ ಹಾಕಬಹುದು, ಮರ ಕಡಿದ ಚಿತ್ರ ಹಾಕಲು ಯಾರಿಗೂ ಧೈರ್ಯವಿಲ್ಲ.

*ಅಳತೆ.* ಹಗ್ಗವನ್ನು 17.84 ಮೀಟರ್‌ಗೆ ಗುರುತು ಮಾಡಿ ಒಂದು ಗೂಟದ ಸುತ್ತ ವೃತ್ತ ಹಾಕಿದರೆ 1000 ಚದರ ಮೀಟರ್ ಸಿಗುತ್ತದೆ. ಅದರೊಳಗಿನ ಒಂದು ಮರ ಎಂದರೆ ಹೆಕ್ಟೇರಿಗೆ ಹತ್ತು ಮರ. ಇಳಿಜಾರಿನಲ್ಲಿ ಹಗ್ಗವನ್ನು ನೆಲದ ಮೇಲೆ ಎಳೆಯದೆ ಮಟ್ಟವಾಗಿ ಹಿಡಿಯಿರಿ. ಎಲ್ಲ ಮರಗಳ ವ್ಯಾಸವನ್ನು ಎದೆ ಎತ್ತರದಲ್ಲಿ ತೆಗೆದುಕೊಳ್ಳಿ, 1.3 ಮೀಟರೋ 1.37 ಮೀಟರೋ, ನಿಮ್ಮ ಹಳೆಯ ದಾಖಲೆಯಲ್ಲಿ ಇರುವುದನ್ನೇ ಮುಂದುವರಿಸಿ. ವೃತ್ತದಲ್ಲಿ ಸರಾಸರಿ 20 ಸೆಂಟಿಮೀಟರ್ ವ್ಯಾಸದ 80 ಮರಗಳಿವೆ ಎನ್ನಿ. ಒಂದು ಕಾಂಡದ ಅಡ್ಡಕೊಯ್ತ 0.0314 ಚದರ ಮೀಟರ್, ಹೆಕ್ಟೇರಿಗೆ 800 ಮರ, ಒಟ್ಟು ಸುಮಾರು 25 ಚದರ ಮೀಟರ್.

ಈ ಸಂಖ್ಯೆ ಹೆಚ್ಚೋ ಕಡಿಮೆಯೋ ಎಂಬುದು ಆ ಜಾತಿಯ ಗರಿಷ್ಠ ಮಿತಿಯ ಮೇಲೆ ನಿಂತಿದೆ. ಅಮೆರಿಕದ ಅರಣ್ಯ ವಿಜ್ಞಾನಿ ರೈನೆಕೆ 1933ರಲ್ಲಿ ಕೊಟ್ಟ ಸಾಂದ್ರತಾ ಸೂಚ್ಯಂಕ (ಮರಗಳ ಸಂಖ್ಯೆ ಮತ್ತು ಸರಾಸರಿ ದಪ್ಪವನ್ನು ಸೇರಿಸಿ ದಟ್ಟಣೆ ಹೇಳುವ ಅಂಕಿ) ಇಂದಿಗೂ ಉಪಯೋಗಕ್ಕೆ ಬರುತ್ತದೆ. ಗರಿಷ್ಠದ ಶೇ 60 ದಾಟಿದರೆ ಮರಗಳು ಪೈಪೋಟಿಯಿಂದಲೇ ಸಾಯತೊಡಗುತ್ತವೆ. ಶೇ 35ಕ್ಕಿಂತ ಇಳಿದರೆ ಜಾಗ ಖಾಲಿ ಬಿದ್ದು ಪೊದೆ ನುಗ್ಗುತ್ತದೆ. ಈ ಎರಡರ ನಡುವೆ ಇರುವುದು ವಾಡಿಕೆ. ಎರಡನೆಯ ಹಂತದಲ್ಲಿ ‘ಒಣ’ ಎಂದು ಗುರುತಿಸಿದ ನೆಲದಲ್ಲಿ ಶೇ 35ರ ಹತ್ತಿರಕ್ಕೆ ಬನ್ನಿ, ‘ತಂಪು’ ನೆಲದಲ್ಲಿ ಮೇಲೇ ಇರಲಿ.

*ಎಷ್ಟು ತೆಗೆಯಬಹುದು.* ಮರದ ಎತ್ತರವನ್ನು ವ್ಯಾಸದಿಂದ ಭಾಗಿಸಿ, ಎರಡೂ ಒಂದೇ ಮಾನದಲ್ಲಿರಲಿ. 20 ಮೀಟರ್ ಎತ್ತರದ, 25 ಸೆಂಟಿಮೀಟರ್ ದಪ್ಪದ ಮರಕ್ಕೆ ಉತ್ತರ 80. ಅದಕ್ಕಿಂತ ಕಡಿಮೆಯಾದರೆ ಮರ ಸ್ವಂತ ಕಾಲ ಮೇಲೆ ನಿಂತಿದೆ. 100 ದಾಟಿದ್ದರೆ ಅದು ಅಕ್ಕಪಕ್ಕದವುಗಳಿಗೆ ಒರಗಿ ನಿಂತಿದೆ. ಅಕ್ಕಪಕ್ಕ ಖಾಲಿ ಮಾಡಿದರೆ ಮೊದಲ ಬಿರುಗಾಳಿಗೆ ನೆಲ ಕಚ್ಚುತ್ತದೆ. ಅಂಥ ಸಪೂರ ತೋಪಿನಲ್ಲಿ ಕೆಲವು ವರ್ಷಗಳ ಅಂತರ ಬಿಟ್ಟು ಎರಡು ಮೂರು ಹಗುರ ಸುತ್ತುಗಳಲ್ಲಿ ತೆಗೆಯಿರಿ, ಗಾಳಿಗೆ ಮುಖ ಮಾಡಿದ ಅಂಚನ್ನು ಮುಟ್ಟಬೇಡಿ.

*ಯಾವುದನ್ನು ತೆಗೆಯಬೇಕು.* ಮೊದಲು ಬೇರೆ ಮರಗಳ ನೆರಳಿಗೆ ಸಿಕ್ಕಿ ಹಿಂದುಳಿದ ಮರಗಳು, ನಂತರ ಒಳ್ಳೆಯ ಮರದ ಕೊಂಬೆಗೆ ತಾಗುವ ಪೈಪೋಟಿಗಾರರು. ಇಲ್ಲಿ ನೇರ ಕಾಂಡದ ಮೋಹ ಅಡ್ಡ ಬರುತ್ತದೆ. ತೋಪಿನಲ್ಲಿ ತಾನಾಗಿ ಹುಟ್ಟಿದ ಬೇರೆ ಜಾತಿಯ ಮರ ಡೊಂಕಾಗಿರುವುದು ಸಾಮಾನ್ಯ; ಗುರುತು ಹಾಕುವವರು ಮೊದಲು ಬಣ್ಣ ಬಳಿಯುವುದು ಅದಕ್ಕೇ. ಆ ಡೊಂಕು ಮರವೇ ಮುಂದಿನ ಮಿಶ್ರಕಾಡಿನ ಬೀಜ. ಗುರುತು ಹಾಕುವವರಿಗೆ ಬಿಡಬೇಕಾದ ಜಾತಿಗಳ ಪಟ್ಟಿಯನ್ನು ಮೊದಲೇ ಕೊಡಿ.

*ಸಾಮಾನ್ಯ ತಪ್ಪುಗಳು.* ಕಡು ಬೇಸಿಗೆಯಲ್ಲಿ ತೆರೆಯುವುದು: ನೆರಳಿನಲ್ಲಿದ್ದ ತೆಳು ತೊಗಟೆ ಬಿಸಿಲಿಗೆ ಸುಟ್ಟು ಸೀಳುತ್ತದೆ. ಅಂಚಿನಲ್ಲಿ ಲಂಟಾನದಂಥ ಕಳೆ ಕಾದು ನಿಂತಿದ್ದರೂ ಮೊದಲು ಮರ ಕಡಿಯುವುದು: ಕಳೆ ತೆಗೆದ ಮೇಲೆಯೇ ಬೆಳಕು ಬಿಡಬೇಕು. ತೀರ ತಡವಾಗಿ ಶುರು ಮಾಡುವುದು: ಹಸಿರು ನೆತ್ತಿ ಮರದ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಗಿದ್ದರೆ, ಜಾಗ ಕೊಟ್ಟರೂ ಮರ ಬೇಗ ಚೇತರಿಸಿಕೊಳ್ಳುವುದಿಲ್ಲ. ಇನ್ನೊಂದು, ಒಮ್ಮೆ ಮಾಡಿ ಮರೆಯುವುದು. ಉಳಿದ ಮರಗಳ ಎಲೆ ಹರಡಿ ಖಾಲಿ ಜಾಗ ತುಂಬಿದಂತೆ ನೀರಿನ ಲಾಭ ಕರಗುತ್ತದೆ. ಮುಂದಿನ ಸುತ್ತಿನ ವರ್ಷವನ್ನು ಇಂದೇ ಯೋಜನೆಯಲ್ಲಿ ಬರೆಯಿರಿ.

*ಎಚ್ಚರಿಕೆಯ ಗುರುತು:* ಕಾಂಡದ ಮೈಮೇಲೆಲ್ಲ ಸಣ್ಣ ಚಿಗುರು ಒಡೆಯುವುದು, ಉಳಿಸಿದ ಮರಗಳು ವಾಲುವುದು. ಎರಡೂ ಕಂಡರೆ ಒಮ್ಮೆಗೇ ಹೆಚ್ಚು ತೆರೆದಿದ್ದೀರಿ.

ಹಂತ 6: ಬೀಜ, ಜಾತಿ, ಸಸಿ, ಇದೇ ಕ್ರಮದಲ್ಲಿ

*ನೆಲದಲ್ಲಿ ಈಗಾಗಲೇ ಇರುವುದನ್ನು ಎಣಿಸಿ.* ಐದನೆಯ ಹಂತದ ನಂತರ ಬೆಳಕು ಬಿದ್ದ ಕಡೆ ಸಹಜ ಸಸಿಗಳು ಎದ್ದಿವೆಯೇ? ಸ್ಥಳದಲ್ಲೇ ಹುಟ್ಟಿದ ಸಸಿಯ ಬೇರು ಚೀಲದ ಸಸಿಯ ಬೇರಿಗಿಂತ ಸಾಮಾನ್ಯವಾಗಿ ಆಳ. ಮೇಯುವ ಪ್ರಾಣಿಗಳನ್ನು ತಡೆದರೆ ಅರ್ಧ ಜಾಗಕ್ಕೆ ನೆಡುವ ಅಗತ್ಯವೇ ಬೀಳದಿರಬಹುದು.

*ಬೀಜದ ಮೂಲ.* ಹೊಸ ಜಾತಿಯನ್ನು ಹುಡುಕುವ ಮೊದಲು ಅದೇ ಜಾತಿಯ ಬೇರೆ ಮೂಲವನ್ನು ಹುಡುಕಿ. 100 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು 0.65 ಡಿಗ್ರಿ ಇಳಿಯುತ್ತದೆ. ಅಂದರೆ ಒಂದು ಡಿಗ್ರಿ ಬಿಸಿ ಎಂಬುದು ಸುಮಾರು 150 ಮೀಟರ್ ಕೆಳಗಿನ ಹವೆ. ಅಷ್ಟು ತಗ್ಗಿನಲ್ಲಿ ಬೆಳೆದ ಮರಗಳ ಬೀಜ ಆ ಬಿಸಿಯನ್ನು ಆಗಲೇ ಕಂಡಿದೆ. ಉಷ್ಣತೆಯೊಂದನ್ನೇ ನೋಡಬೇಡಿ, ಮಳೆಯ ಋತು ಮತ್ತು ಹಿಮದ ಕಾಲವೂ ಹೊಂದಬೇಕು. ಬೆಚ್ಚಗಿನ ಮೂಲದ ಸಸಿ ಬೇಗ ಚಿಗುರಿ ತಡವಾದ ಹಿಮಕ್ಕೆ ಸುಟ್ಟುಹೋದ ಉದಾಹರಣೆಗಳು ಬೇಕಾದಷ್ಟಿವೆ. ಬ್ರಿಟಿಷ್ ಕೊಲಂಬಿಯಾ 2009ರಿಂದ 15 ಜಾತಿಗಳ ಬೀಜಮೂಲಗಳನ್ನು ಯುಕಾನ್‌ನಿಂದ ಕ್ಯಾಲಿಫೋರ್ನಿಯಾವರೆಗಿನ ತಾಕುಗಳಲ್ಲಿ ನೆಟ್ಟು ಪರೀಕ್ಷಿಸುತ್ತಿದೆ. 2018ರಲ್ಲಿ ಅಲ್ಲಿ ಬೀಜ ಸಾಗಣೆಯ ನಿಯಮವೇ ಬದಲಾಗಿ, ಮೂಲ ಮತ್ತು ನೆಡುವ ಜಾಗದ ನಡುವಿನ ನಕ್ಷೆಯ ದೂರದ ಬದಲು ಹವಾಮಾನದ ದೂರ ಲೆಕ್ಕಕ್ಕೆ ಬಂತು.

ನನ್ನ ಸಲಹೆ: ಮೂರರಲ್ಲಿ ಎರಡು ಪಾಲು ಸ್ಥಳೀಯ ಬೀಜ, ಒಂದು ಪಾಲು ಬೆಚ್ಚಗಿನ ಮೂಲದ್ದು. ಮೊದಲ ಹತ್ತು ವರ್ಷದ ಫಲಿತಾಂಶ ನೋಡಿ ಪಾಲು ಬದಲಿಸಬಹುದು.

ಬೀಜ ಸಂಗ್ರಹ ಕನಿಷ್ಠ 30 ತಾಯಿಮರಗಳಿಂದ ಆಗಲಿ, ಅವು ಒಂದಕ್ಕೊಂದು 50 ಮೀಟರ್‌ಗಿಂತ ದೂರವಿರಲಿ. ಹತ್ತಿರದ ಮರಗಳು ಅಣ್ಣತಮ್ಮಂದಿರಾಗಿರುವ ಸಾಧ್ಯತೆ ಹೆಚ್ಚು. ಬರ ದಾಟಿ ಉಳಿದ ಮರಗಳಿಗೆ ಮೊದಲ ಸ್ಥಾನ ಕೊಡಿ. ಓಕ್, ಸಾಲ್ ಮತ್ತು ಡಿಪ್ಟೆರೋಕಾರ್ಪ್ ಕುಟುಂಬದ ಹೆಚ್ಚಿನ ಮರಗಳ ಬೀಜ ಒಣಗಿದರೆ ಸಾಯುತ್ತದೆ, ಹೆಚ್ಚು ಕಾಲ ಕೂಡಿಡಲಾಗುವುದಿಲ್ಲ. ಇವುಗಳಿಗೆ ಬೀಜ ಉದುರುವ ಮೊದಲೇ ನರ್ಸರಿಯ ಪಾತಿ ಸಿದ್ಧವಿರಬೇಕು.

*ಜಾತಿಗಳ ಮಿಶ್ರಣ.* ಒಂದೇ ಕಾರಣಕ್ಕೆ ಒಟ್ಟಿಗೆ ಸಾಯದ ಜಾತಿಗಳನ್ನು ಆರಿಸುವುದು ಇಲ್ಲಿನ ಲೆಕ್ಕ. ಬೇರಿನ ಆಳ ಬೇರೆ ಇರಲಿ, ಕುಟುಂಬ ಬೇರೆ ಇರಲಿ, ಎಲೆ ಉದುರಿಸುವ ಕಾಲ ಬೇರೆ ಇರಲಿ. ಐದು ಬಗೆಯ ನೀಲಗಿರಿ ಸೇರಿದರೆ ಮಿಶ್ರ ತೋಪಾಗುವುದಿಲ್ಲ. ಯುರೋಪಿನ ಆ್ಯಶ್ ಮರ ಬಹು ಉಪಯುಕ್ತವೆಂದು ಅನೇಕ ದೇಶಗಳಲ್ಲಿ ನೆಟ್ಟದ್ದಾಗಿತ್ತು. 1992ರಲ್ಲಿ ಪೋಲೆಂಡಿನಲ್ಲಿ ಗಮನಕ್ಕೆ ಬಂದ ಒಣರೋಗ ಖಂಡದುದ್ದಕ್ಕೂ ಹರಡಿ ಆ ಲೆಕ್ಕವನ್ನೆಲ್ಲ ಬುಡಮೇಲು ಮಾಡಿತು. ಹೊರಗಿನಿಂದ ತರುವ ಯಾವುದೇ ಜಾತಿಯನ್ನು ಮೊದಲು ಸಣ್ಣ ತಾಕಿನಲ್ಲಿ ಬೆಳೆಸಿ, ಅದು ತಾನಾಗಿ ಹರಡುತ್ತದೆಯೇ ನೋಡಿ.

*ನರ್ಸರಿ.* ಎತ್ತರದ ಸಸಿಯನ್ನು ಒಳ್ಳೆಯ ಸಸಿ ಎಂದು ಸ್ವೀಕರಿಸುವುದು ಎಲ್ಲೆಡೆ ನಡೆಯುವ ತಪ್ಪು. ಒಣ ನೆಲಕ್ಕೆ ಬೇಕಾದದ್ದು ಗಿಡ್ಡ ಸಸಿ, ದಪ್ಪ ಬುಡ, ತುಂಬು ಬೇರು. ಪ್ರತಿ ಸರಬರಾಜಿನಿಂದ ಹತ್ತು ಸಸಿ ಆರಿಸಿ ಚೀಲ ಹರಿದು ನೀರಿನಲ್ಲಿ ಮಣ್ಣು ತೊಳೆಯಿರಿ. ತಾಯಿಬೇರು ನೇರ ಇಳಿದು ತುದಿಯಲ್ಲಿ ಬಿಳಿಯಾಗಿದ್ದರೆ ಸರಿ. ಬುಡದಲ್ಲಿ ಕೊಕ್ಕೆಯಂತೆ ಬಾಗಿದ್ದರೆ, ಚೀಲದ ಗೋಡೆಗುಂಟ ಸುತ್ತಿಕೊಂಡಿದ್ದರೆ, ಆ ಸಸಿ ಎರಡು ಮಳೆಗಾಲ ಹಸಿರಾಗಿಯೇ ಕಾಣುತ್ತದೆ, ನಂತರ ತನ್ನ ಬೇರಿನಿಂದಲೇ ತನ್ನ ಕುತ್ತಿಗೆ ಬಿಗಿದುಕೊಳ್ಳುತ್ತದೆ. ಹತ್ತರಲ್ಲಿ ಮೂರು ಹೀಗಿದ್ದರೂ ಇಡೀ ಸರಬರಾಜನ್ನು ವಾಪಸು ಕಳುಹಿಸಿ. ನೆಡುವ ನಾಲ್ಕರಿಂದ ಆರು ವಾರ ಮೊದಲು ನೆರಳು ತೆಗೆದು, ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಬೇಕು.

*ನೆಡುವ ದಿನ.* ಮೊದಲ ಮಳೆಗೆ ನೆಡುವ ರೂಢಿ ಈಗ ಅಪಾಯಕಾರಿ, ಮೊದಲ ಮಳೆಯ ಹಿಂದೆಯೇ ಮೂರು ವಾರದ ಒಣಹವೆ ಬರಬಹುದು. ಆಗರ್ ಇಳಿಸಿ ನೋಡಿ. 30 ಸೆಂಟಿಮೀಟರ್ ಆಳದ ಮಣ್ಣು ಮುಷ್ಟಿಯಲ್ಲಿ ಉಂಡೆಯಾದ ಮೇಲೆ ಕೆಲಸಗಾರರನ್ನು ಕರೆಯಿರಿ. ಸಸಿಯನ್ನು ಹಳೆಯ ಬುಡ, ಬಿದ್ದ ದಿಮ್ಮಿ, ಬಂಡೆಯ ನೆರಳಿನ ಪಕ್ಕಕ್ಕೆ ಇಡಿ. ಅಳತೆ ಪಟ್ಟಿ ಹಿಡಿದ ನೇರ ಸಾಲು ನೋಡಲು ಚೆಂದ, ಅಷ್ಟೇ. ಜಿಂಕೆಗಳ ಬಾಧೆ ಇದ್ದರೆ ಬೇಲಿಯ ಖರ್ಚನ್ನು ನೆಡುವ ಖರ್ಚಿನಲ್ಲೇ ಸೇರಿಸಿ. ನೂರು ಸಸಿಗಳ ನಡುವೆ ಹೊಸದಾಗಿ ತಂದ ಹತ್ತನ್ನು ಅವು ಹುಡುಕಿ ತಿನ್ನುತ್ತವೆ.

ಹಂತ 7: ಬೆಂಕಿಯ ಕೆಲಸವನ್ನು ಪಂಚಾಂಗದಿಂದ ಬಿಡಿಸಿ

ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು, ಪೊದೆ ತೆಗೆದು ಬಿಡುವ ಪಟ್ಟಿ) ಕಡಿಯುವ ದಿನಾಂಕ ಅನೇಕ ಯೋಜನೆಗಳಲ್ಲಿ ಹತ್ತಾರು ವರ್ಷಗಳಿಂದ ಬದಲಾಗಿಲ್ಲ. ಹುಲ್ಲು ಒಣಗುವ ಕಾಲ ಬದಲಾಗಿದೆ. ದಿನಾಂಕದ ಬದಲು ಗುರುತು ಇಟ್ಟುಕೊಳ್ಳಿ: ದಕ್ಷಿಣ ಅಥವಾ ಪಶ್ಚಿಮ ಇಳಿಜಾರಿನ ಹುಲ್ಲು ಅರ್ಧ ಹಳದಿಯಾದಾಗ ಕೆಲಸ ಮುಗಿದಿರಬೇಕು. ದಕ್ಷಿಣಾರ್ಧ ಗೋಳದವರು ಉತ್ತರದ ಇಳಿಜಾರನ್ನು ನೋಡಲಿ.

ಉರುವಲು ತೆಗೆಯುವ ಕ್ರಮ ಹೀಗಿರಲಿ. ಮೊದಲು ಐದನೆಯ ಹಂತದಲ್ಲಿ ಕಡಿದು ಬಿದ್ದ ಟೊಂಗೆಗಳು. ಅವನ್ನು ಬಿಟ್ಟರೆ ವಿರಳಗೊಳಿಸಿದ ತೋಪು ಮೊದಲಿಗಿಂತ ಜೋರಾಗಿ ಉರಿಯುತ್ತದೆ. ನಂತರ ನೆಲದ ಬೆಂಕಿಯನ್ನು ನೆತ್ತಿಗೆ ಏರಿಸುವ ಏಣಿಗಳು, ಅಂದರೆ ಪೊದೆ, ಬಳ್ಳಿ, ಕೆಳಗಿನ ಒಣ ಕೊಂಬೆ. 6 ಮಿಲಿಮೀಟರ್‌ಗಿಂತ ತೆಳುವಾದ ಕಡ್ಡಿ ಮತ್ತು ಹುಲ್ಲು ಗಂಟೆಯೊಳಗೆ ಗಾಳಿಯ ತೇವಕ್ಕೆ ಹೊಂದಿಕೊಳ್ಳುವುದರಿಂದ ಬೆಳಿಗ್ಗೆಯ ಒದ್ದೆ ನೆಲ ಮಧ್ಯಾಹ್ನಕ್ಕೆ ಸಿಡಿಮದ್ದಾಗುತ್ತದೆ.

ನಿಯಂತ್ರಿತ ಬೆಂಕಿ ಬಳಸುವುದು ಬೆಂಕಿಗೆ ಒಗ್ಗಿದ ಕಾಡುಗಳಲ್ಲಿ ಮಾತ್ರ. ಉತ್ತರ ಆಸ್ಟ್ರೇಲಿಯಾದ ಹುಲ್ಲುಗಾಡುಗಳಲ್ಲಿ ಮೂಲನಿವಾಸಿ ರೇಂಜರ್‌ಗಳು ಒಣ ಋತುವಿನ ಆರಂಭದಲ್ಲೇ ತುಂಡು ತುಂಡಾಗಿ ಸುಟ್ಟು ಋತುವಿನ ಕೊನೆಯ ದೊಡ್ಡ ಬೆಂಕಿಗಳನ್ನು ತಗ್ಗಿಸುತ್ತಾರೆ. ಅದೇ ವಿಧಾನವನ್ನು ತೇವಭರಿತ ನಿತ್ಯಹರಿದ್ವರ್ಣ ಕಾಡಿಗೆ ತಂದರೆ ಕಾಡೇ ಹೋಗುತ್ತದೆ. ಅಲ್ಲಿ ಅಂಚಿನ ಮೇಲ್ಚಪ್ಪರವನ್ನು ಮುಚ್ಚಿಡುವುದೇ ಬೆಂಕಿ ನಿರ್ವಹಣೆ.

*ಎಚ್ಚರಿಕೆಯ ಗುರುತು:* ರಾತ್ರಿಯಲ್ಲೂ ಗಾಳಿಯ ತೇವ ಏರದಿರುವುದು. ಹಿಂದೆ ಕತ್ತಲಾದ ಮೇಲೆ ಮಲಗುತ್ತಿದ್ದ ಬೆಂಕಿ ಈಗ ನಡೆಯುತ್ತಲೇ ಇರುತ್ತದೆ. ರಾತ್ರಿ ಪಾಳಿಯ ತಂಡವಿಲ್ಲದೆ ನಿಯಂತ್ರಿತ ಬೆಂಕಿ ಹಚ್ಚಬೇಡಿ.

ಹಂತ 8: ಹುಳು ಮತ್ತು ಬಿರುಗಾಳಿ

ಯುರೋಪಿನ ಸ್ಪ್ರೂಸ್ ತೊಗಟೆ ಜೀರುಂಡೆ ಉಷ್ಣತೆ 16.5 ಡಿಗ್ರಿ ಮುಟ್ಟಿದಾಗ ಹಾರತೊಡಗುತ್ತದೆ. ತಗ್ಗು ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ಪೀಳಿಗೆ ಮುಗಿಸುತ್ತಿದ್ದ ಅದು 2018ರಂಥ ಬಿಸಿ ವರ್ಷದಲ್ಲಿ ಮೂರು ಮುಗಿಸುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಪೈನ್ ಜೀರುಂಡೆಯ ಮರಿಗಳನ್ನು ಕೊಲ್ಲುತ್ತಿದ್ದುದು ಮೈನಸ್ 40 ಡಿಗ್ರಿಯ ಸುಮಾರಿನ ಚಳಿ. ಅಂಥ ಚಳಿ ವಿರಳವಾದ ಮೇಲೆ, 1990ರ ದಶಕದಲ್ಲಿ ಶುರುವಾದ ಹಾವಳಿ ಸುಮಾರು 1.8 ಕೋಟಿ ಹೆಕ್ಟೇರಿಗೆ ಹಬ್ಬಿತು. ಹಳೆಯ ಪರಿಶೀಲನಾ ವೇಳಾಪಟ್ಟಿ ಎಲ್ಲೆಡೆಯೂ ತಡವಾಗಿದೆ ಎಂದೇ ತಿಳಿಯಿರಿ.

ನೋಡಬೇಕಾದದ್ದು ಹಸಿರು ಮರಗಳನ್ನು. ಬುಡದ ಬಳಿ, ತೊಗಟೆಯ ಬಿರುಕುಗಳಲ್ಲಿ, ಕೆಳಗಿನ ಜೇಡರ ಬಲೆಯ ಮೇಲೆ ಕಾಫಿ ಪುಡಿಯಂಥ ಕಂದು ಹುಡಿ ಬಿದ್ದಿದ್ದರೆ ಮಸೂರ ತೆಗೆಯಿರಿ, ಒಂದು ಚೂರು ತೊಗಟೆ ಎಬ್ಬಿಸಿ. ಒಳಗೆ ಬಿಳಿ ಮರಿಗಳಿದ್ದರೆ ಸಮಯವಿದೆ. ಬರಿಯ ಸುರಂಗಗಳಿದ್ದು ಹೊರಹೋದ ರಂಧ್ರಗಳು ಕಂಡರೆ ಹುಳು ಆಗಲೇ ಪಕ್ಕದ ಮರದಲ್ಲಿದೆ. ಮಳೆ ಬಿದ್ದ ಮರುದಿನ ಈ ಪರಿಶೀಲನೆ ಮಾಡಬೇಡಿ, ಹುಡಿ ತೊಳೆದುಹೋಗಿರುತ್ತದೆ.

ಕಡಿಯುವ ಕ್ರಮವೂ ಇದರಿಂದಲೇ ತೀರ್ಮಾನವಾಗುತ್ತದೆ. ಮೊದಲು ಮರಿಗಳಿರುವ ಹಸಿರು ಮರ. ಅದನ್ನು ಜೀರುಂಡೆ ಹೊರಬೀಳುವ ಮೊದಲು ಕಾಡಿನಿಂದ ಸಾಗಿಸಿ, ಆಗದಿದ್ದರೆ ತೊಗಟೆ ಸುಲಿಯಿರಿ. ನಂತರ ಗಾಳಿಗೆ ಹೊಸದಾಗಿ ಬಿದ್ದ ಮರ. 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತು. ಬೆನ್ನಿಗೇ ಜೀರುಂಡೆ ಎದ್ದಿತು. ಬೂದು ಬಣ್ಣಕ್ಕೆ ತಿರುಗಿದ ಒಣಮರ ಕೊನೆಗೆ, ಅಥವಾ ಬೇಡವೇ ಬೇಡ. ಅದರಲ್ಲಿ ಹುಳು ಉಳಿದಿಲ್ಲ, ಮರಕುಟಿಗ ಉಳಿದಿದೆ, ಕೆಳಗಿನ ಸಸಿಗೆ ನೆರಳಿದೆ. ರಸ್ತೆ ಮತ್ತು ಜನ ಓಡಾಡುವ ದಾರಿಯ ಪಕ್ಕದವನ್ನು ಮಾತ್ರ ತೆಗೆಯಿರಿ. ಕಣ್ಣಿಗೆ ಕಾಣುವ ಸತ್ತ ಮರಗಳನ್ನೆಲ್ಲ ಕಡಿದು ‘ಹುಳು ನಿಯಂತ್ರಣ’ ಎಂದು ಬರೆಯುವ ವರದಿಗಳಲ್ಲಿ ನಿಯಂತ್ರಣವಾದದ್ದು ಏನೂ ಇಲ್ಲ.

ಹಂತ 9: ದಾರಿ ಮತ್ತು ಮೋರಿ

ಒಂದೇ ದಿನದ ಗರಿಷ್ಠ ಮಳೆಯನ್ನು ಮೂರನೆಯ ಹಂತದಲ್ಲಿ ತೆಗೆದಿದ್ದು ಇದಕ್ಕಾಗಿ. ಮೋರಿಯ ಕೊಳವೆ ಬದಲಿಸುವಾಗ ಹಳೆಯ ಅಳತೆಗೇ ಕೊಳ್ಳಬೇಡಿ. ಕಟ್ಟಿಕೊಂಡರೆ ನೀರು ರಸ್ತೆಯುದ್ದಕ್ಕೆ ಓಡದೆ ಅಡ್ಡ ದಾಟಿ ಹೋಗುವಂತೆ ಅಲ್ಲೊಂದು ತಗ್ಗು ಕೊಡಿ. ಭಾರಿ ಯಂತ್ರಗಳನ್ನು ಒದ್ದೆ ನೆಲಕ್ಕೆ ಇಳಿಸುವ ಮುನ್ನ ಅದೇ ಮುಷ್ಟಿ ಪರೀಕ್ಷೆ ಮಾಡಿ. ಇಲ್ಲಿ ಮಣ್ಣು ಉಂಡೆಯಾದರೆ ಕೆಲಸ ನಿಲ್ಲಬೇಕು.

ಹಂತ 10: ಅಳೆಯಿರಿ, ಮೊದಲೇ ಗೆರೆ ಎಳೆದಿಡಿ

ಐದನೆಯ ಹಂತದ ವೃತ್ತಗಳ ಗೂಟಗಳನ್ನು ಕಬ್ಬಿಣದವಾಗಿ ಬದಲಿಸಿ ಶಾಶ್ವತ ತಾಕುಗಳನ್ನಾಗಿ ಮಾಡಿ. ಮುಟ್ಟದೆ ಬಿಟ್ಟ ಕಂಪಾರ್ಟ್‌ಮೆಂಟಿನಲ್ಲೂ ಅಷ್ಟೇ ತಾಕುಗಳಿರಲಿ. ಹೋಲಿಕೆಗೆ ಅದಿಲ್ಲದಿದ್ದರೆ ಒಳ್ಳೆಯ ಮಳೆಯ ಪುಣ್ಯವೆಲ್ಲ ನಿಮ್ಮ ಯೋಜನೆಯ ಲೆಕ್ಕಕ್ಕೆ ಸೇರುತ್ತದೆ.

ಬದುಕಿದ ಸಸಿಗಳನ್ನು ಎಣಿಸುವುದು ಒಣ ಋತುವಿನ ಕೊನೆಯ ವಾರದಲ್ಲಿ. ಮಳೆಗಾಲ ಮುಗಿದಾಗ ಎಣಿಸಿದರೆ ಎಲ್ಲ ಯೋಜನೆಯೂ ಯಶಸ್ವಿ.

ಯಾವ ಅಂಕಿ ಬಂದರೆ ಏನು ಮಾಡಬೇಕು ಎಂಬುದನ್ನು ಅಂಕಿ ಬರುವ ಮೊದಲು ಬರೆದಿಡಿ. ಮಾದರಿಗೆ ಮೂರು, ಸಂಖ್ಯೆಗಳನ್ನು ನಿಮ್ಮ ನೆಲಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

ಎರಡನೆಯ ಒಣ ಋತುವಿನ ಕೊನೆಗೆ ಬದುಕಿದ ಸಸಿಗಳು ಶೇ 60ಕ್ಕಿಂತ ಕಡಿಮೆಯಾದರೆ ಮರುನೆಡುವಿಕೆ ಇಲ್ಲ. ಮೊದಲು ಎರಡನೆಯ ಹಂತಕ್ಕೆ ಮರಳಿ ಗುಂಡಿ ತೋಡುವುದು.

ತಾಕಿನ ಹತ್ತು ದೊಡ್ಡ ಮರಗಳಲ್ಲಿ ಎರಡರ ನೆತ್ತಿ ಒಣಗಿದರೆ ವಿರಳಗೊಳಿಸುವ ಮುಂದಿನ ಸುತ್ತನ್ನು ನಿಗದಿಗಿಂತ ಮೊದಲೇ ಮಾಡುವುದು.

‘ತಡೆ’ ನಿಲುವಿನ ತುಂಡಿಗೆ ಒಂದೇ ದಶಕದಲ್ಲಿ ಎರಡು ಸಲ ದೊಡ್ಡ ಪೆಟ್ಟು ಬಿದ್ದರೆ ನಿಲುವನ್ನು ಮರುಪರಿಶೀಲಿಸುವುದು.

ಐದು ವರ್ಷಕ್ಕೊಮ್ಮೆ ಪರಿಶೀಲನೆ ಇರಲಿ, ಪ್ರತಿ ಬೆಂಕಿ, ಬರ, ಬಿರುಗಾಳಿಯ ನಂತರ ಹೆಚ್ಚುವರಿಯಾಗಿ ಇನ್ನೊಂದು. ಸಿಬ್ಬಂದಿ ವರ್ಗವಾಗುತ್ತಾರೆ, ಆದ್ದರಿಂದ ಮಾಡಿದ ಕೆಲಸದ ಪಕ್ಕದಲ್ಲೇ ಅದರ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವ ಕಾಗದ ಬೀಜಮೂಲದ್ದು: ಯಾವ ಜಾಗ, ಎಷ್ಟು ಎತ್ತರ, ಎಷ್ಟು ತಾಯಿಮರ, ಯಾವ ವರ್ಷ. ಅದನ್ನು ನರ್ಸರಿಯ ಪುಸ್ತಕದಲ್ಲಿ, ಕಂಪಾರ್ಟ್‌ಮೆಂಟ್ ಕಡತದಲ್ಲಿ, ನಕ್ಷೆಯ ಮೇಲೆ, ಮೂರು ಕಡೆ ದಾಖಲಿಸಿ. ಇಪ್ಪತ್ತು ವರ್ಷಗಳ ನಂತರ ಒಂದು ಸಾಲು ಒಣಗಿ ಪಕ್ಕದ ಸಾಲು ಹಸಿರಾಗಿ ನಿಂತಾಗ, ಮುಂದಿನ ಬೀಜವನ್ನು ಎಲ್ಲಿಂದ ತರಬೇಕೆಂದು ಆ ಕಾಗದದಿಂದ ಗೊತ್ತಾಗುತ್ತದೆ.